ಎರಡು ಮಳೆಗಳ ನಡುವೆ: ಕೊಪ್ಪಳ ಸೀಮೆಯಲ್ಲಿ ಕ್ರೈಸ್ತ ನಿರೀಕ್ಷೆ

ಕೊಪ್ಪಳ ಜಿಲ್ಲೆ ಒಂದೇ ಆದರೂ ಅದರೊಳಗಿನ ಬದುಕು ಎರಡು ಬಗೆ. ಗಂಗಾವತಿ, ಕಾರಟಗಿ ಕಡೆ ತುಂಗಭದ್ರೆಯ ಎಡದಂಡೆ ಕಾಲುವೆ ಹರಿಯುತ್ತದೆ. ಭತ್ತದ ಗದ್ದೆ, ಅಕ್ಕಿ ಗಿರಣಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳು ಅಲ್ಲಿಯ ನೋಟ. ಯಲಬುರ್ಗಾ, ಕುಷ್ಟಗಿ ಕಡೆ ಹೊರಳಿದರೆ ಮಸಾರಿ ಹೊಲ, ಎರಿ ಹೊಲ; ಮುಂಗಾರಿಗೆ ಸಜ್ಜೆ, ಹೆಸರು, ಹಿಂಗಾರಿಗೆ ಬಿಳಿಜೋಳ, ಕಡಲೆ. ಮಳೆ ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು, ಅದೂ ಹದಕ್ಕೆ ಬಂದರೆ. ಕೃಷ್ಣೆಯ ನೀರು ಇಲ್ಲಿಗೂ ಹರಿದು ಬರುತ್ತದೆ ಎಂಬ ಮಾತನ್ನು ಕೇಳುತ್ತಲೇ ಒಂದು ತಲೆಮಾರು ಮುದಿಯಾಯಿತು. ಕುಷ್ಟಗಿಗೆ ರೈಲು ಬರುತ್ತದೆ ಎಂಬ ಮಾತೂ ಹಾಗೇ ಹಳೆಯದಾಗಿತ್ತು. 2025ರ ಮೇ ತಿಂಗಳಲ್ಲಿ ಅದು ನಿಜವಾಯಿತು. ಕಾಯುವುದು ಈ ಸೀಮೆಯವರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಇಂಥ ನೆಲದಲ್ಲಿ ಜನಸಂಖ್ಯೆಯ ಶೇಕಡಾ ಒಂದಕ್ಕಿಂತ ಕಡಿಮೆ ಇರುವ ಕ್ರೈಸ್ತರು ತಮ್ಮ ಧರ್ಮದ ಮೂರು ದೊಡ್ಡ ಗುಣಗಳಲ್ಲಿ ಒಂದಾದ ನಿರೀಕ್ಷೆಯನ್ನು ಹೇಗೆ ಅರ್ಥಮಾಡಿಕೊಂಡಿದ್ದಾರೆ, ಹೇಗೆ ಬದುಕುತ್ತಿದ್ದಾರೆ ಎಂಬುದು ಈ ಲೇಖನದ ವಿಷಯ. ನಂಬಿಕೆಯ ಮೇಲೆ ವಾರವಾರವೂ ಪ್ರಸಂಗವಾಗುತ್ತದೆ. ಪ್ರೀತಿಯ ಮಾತು ಮದುವೆಯಲ್ಲಿ, ಕ್ರಿಸ್‌ಮಸ್ಸಿನಲ್ಲಿ ಬರುತ್ತದೆ. ನಿರೀಕ್ಷೆಯನ್ನು ಮಾತ್ರ ನಾವು ಸಾವಿನ ಮನೆಗೆ ಮೀಸಲಿಟ್ಟಿದ್ದೇವೆ. ಬೈಬಲಿನ ನಿರೀಕ್ಷೆ ಅಷ್ಟು ಸಣ್ಣದಲ್ಲ. ಅದು ಹೊಲದ ಕೂಲಿಯಿಂದ ಹಿಡಿದು ಗೋರಿಯ ಆಚೆಯವರೆಗೂ ಹಬ್ಬಿದ್ದು. ಯಾವ ತುದಿಯನ್ನು ಕತ್ತರಿಸಿದರೂ ಉಳಿದದ್ದು ಬಾಳುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಸ್ವಲ್ಪ ಇತಿಹಾಸ. ಕುಷ್ಟಗಿಯ ಉತ್ತರಕ್ಕೆ, ಇಂದು ರಾಯಚೂರು ಜಿಲ್ಲೆಗೆ ಸೇರಿದ ಮುದಗಲ್ಲಿನಲ್ಲಿ ಆದಿಲಶಾಹಿಗಳ ಕಾಲದಿಂದಲೂ ಕಥೋಲಿಕ ಸಮುದಾಯವಿದೆ. ಗೋವಾ ಕಡೆಯಿಂದ ಬಂದ ಪಾದ್ರಿಗಳು ಅಲ್ಲಿ ಕಟ್ಟಿದ ಸಭೆ ಈ ಭಾಗದ ಅತ್ಯಂತ ಹಳೆಯ ಕ್ರೈಸ್ತ ನೆಲೆಗಳಲ್ಲಿ ಒಂದು. ದಕ್ಷಿಣಕ್ಕೆ ಬಳ್ಳಾರಿ. ಅಲ್ಲಿಗೆ 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು ಅನುವಾದಕ್ಕೆ ಕೂತರು. 1831ರ ಹೊತ್ತಿಗೆ ಸಂಪೂರ್ಣ ಬೈಬಲ್ ಕನ್ನಡಕ್ಕೆ ಬಂದಿತ್ತು. ಪಶ್ಚಿಮಕ್ಕೆ ಗದಗ-ಬೆಟಗೇರಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಧಾರವಾಡ, ಹುಬ್ಬಳ್ಳಿ ದಾಟಿ 1840ರ ದಶಕದಲ್ಲಿ ಅಲ್ಲಿ ನೆಲೆಯೂರಿತು. ಬೆಟಗೇರಿಯ ಮಿಷನ್ ಆಸ್ಪತ್ರೆ ಹಳಬರ ಬಾಯಲ್ಲಿ ಇವತ್ತಿಗೂ ಜರ್ಮನ್ ದವಾಖಾನಿ. ಮೂರೂ ದಿಕ್ಕಿನಲ್ಲಿ ಇಷ್ಟೆಲ್ಲ ನಡೆದರೂ ನಡುವಿನ ಕೊಪ್ಪಳ ನಿಜಾಮರ ಸೀಮೆಯಲ್ಲಿ ಸಾಲಾರ್ ಜಂಗ್ ಮನೆತನದ ಜಹಗೀರಾಗಿತ್ತು. ದೊಡ್ಡ ಮಿಷನ್ ಕೇಂದ್ರ ಇಲ್ಲಿ ಬೆಳೆಯಲಿಲ್ಲ. ಹೀಗಾಗಿ ಇಲ್ಲಿಯ ಸಭೆಗಳು ಸಣ್ಣವು, ಚದುರಿದವು: ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ ಕಥೋಲಿಕ ಚರ್ಚುಗಳು, ಸಿಎಸ್‌ಐ ಮತ್ತು ಮೆಥೊಡಿಸ್ಟ್ ಪರಂಪರೆಯವರು, ಕ್ಯಾಂಪುಗಳಲ್ಲಿ ತೆಲುಗು ಹಾಡು ಕೇಳಿಸುವ ಪ್ರಾರ್ಥನಾ ಮಂದಿರಗಳು, ಈಚಿನ ದಶಕಗಳಲ್ಲಿ ಮನೆಮನೆಯಲ್ಲಿ ಸೇರುವ ಪೆಂಟೆಕೊಸ್ಟಲ್ ಕೂಟಗಳು.

ಈ ಇತಿಹಾಸದ ಒಂದು ಘಟನೆಯ ಬಳಿ ಸ್ವಲ್ಪ ನಿಲ್ಲಬೇಕು. 1840ರ ಸುಮಾರಿಗೆ ಕಾಲಜ್ಞಾನದ ಮಾತುಗಳನ್ನು ನಂಬಿದ ಒಂದು ಪಂಥದವರು ಬಾಸೆಲ್ ಮಿಷನರಿಗಳ ಬಳಿಗೆ ಬಂದರು. ಮುಂದೆ ಒಬ್ಬ ಉದ್ಧಾರಕ ಬರುತ್ತಾನೆ, ಲೋಕ ಹೊಸದಾಗುತ್ತದೆ ಎಂಬುದು ಅವರ ಓಲೆಗಳಲ್ಲಿದ್ದ ಮಾತು. ಪಡುವಣದಿಂದ ಬಂದ ಈ ಬೋಧಕರೇ ಆ ಸುದ್ದಿ ತಂದವರಿರಬಹುದೇ ಎಂದು ಅವರು ಎಣಿಸಿದರು. ಇಡೀ ಪಂಥವೇ ಕ್ರಿಸ್ತನ ಕಡೆಗೆ ಹೊರಳುತ್ತದೆ ಎಂದು ಮಿಷನರಿಗಳೂ ಎಣಿಸಿದರು. ಗದುಗಿನ ಹತ್ತಿರದ ಮಲಸಮುದ್ರದಲ್ಲಿ ಒಂದು ಕೃಷಿ ವಸಾಹತು ಶುರುವಾಯಿತು. ಅದು ಬಹುಕಾಲ ನಡೆಯಲಿಲ್ಲ. ನಾನು ಇದನ್ನು ಸೋಲಿನ ಕಥೆ ಎಂದಷ್ಟೇ ಓದುವುದಿಲ್ಲ. ಕೊಡೇಕಲ್ಲಿನ ಕಾಲಜ್ಞಾನ ಪರಂಪರೆಯನ್ನು ಬಲ್ಲ ಯಾರಿಗಾದರೂ ಗೊತ್ತು, ಈ ಸೀಮೆಯ ಬಡವರು ಮಿಷನರಿಗಳು ಬರುವ ಮೊದಲೇ ಒಳ್ಳೆಯ ದಿನಗಳ ದಾರಿ ಕಾಯುತ್ತಿದ್ದವರು. ನಿರೀಕ್ಷೆಯನ್ನು ಇಲ್ಲಿಗೆ ಯಾರೂ ಹಡಗಿನಲ್ಲಿ ತರಲಿಲ್ಲ. ಕ್ರೈಸ್ತ ಬೋಧನೆ ಮಾಡಿದ್ದೇನೆಂದರೆ, ಆ ಕಾಯುವಿಕೆಗೆ ಶಿಲುಬೆಗೇರಿ ಸತ್ತು ಎದ್ದ ಒಬ್ಬ ವ್ಯಕ್ತಿಯ ಮುಖವನ್ನು ತೋರಿಸಿದ್ದು.

ಆಮೇಲೆ ಬಂತು 1876-78ರ ಮಹಾಕ್ಷಾಮ, ಧಾತು ಈಶ್ವರ ಸಂವತ್ಸರಗಳ ಬರ. ಬಾಸೆಲ್ ಮಿಷನ್ ಅನಾಥ ಮಕ್ಕಳನ್ನು ಸಾಕಿತು. ಹಲವರು ಸಭೆಗೆ ಸೇರಿದರು. ಅಂದಿನಿಂದ ಇಂದಿನವರೆಗೆ ‘ಗಂಜಿಗಾಗಿ ಹೋದವರು’ ಎಂಬ ಚುಚ್ಚುಮಾತು ನಿಂತಿಲ್ಲ. ಹಸಿದವನು ಅನ್ನ ಕೊಟ್ಟ ಕೈಯಲ್ಲಿ ದೇವರನ್ನು ಕಂಡರೆ ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಅನ್ನಕ್ಕೂ ನಿರೀಕ್ಷೆಗೂ ಸಂಬಂಧವೇ ಇಲ್ಲ ಎನ್ನುವವರು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಬೇಕು.

ಆ ಅಧ್ಯಾಯದಲ್ಲಿ ಒಬ್ಬ ರೈತನಿದ್ದಾನೆ. ಮುಂಗಾರು ಮಳೆಯೂ ಹಿಂಗಾರು ಮಳೆಯೂ ಬರುವ ತನಕ ಹೊಲದ ಬೆಳೆಗಾಗಿ ತಾಳ್ಮೆಯಿಂದ ಕಾಯುವವನು ಅವನು. ಕರ್ತನ ಬರೋಣಕ್ಕೆ ನೀವೂ ಹಾಗೆ ಕಾಯಿರಿ ಎನ್ನುತ್ತಾನೆ ಯಾಕೋಬ. ಯಲಬುರ್ಗಾದ ರೈತನಿಗೆ ಇದಕ್ಕೆ ವ್ಯಾಖ್ಯಾನ ಬೇಕಿಲ್ಲ. ಪ್ರಸಂಗಗಳಲ್ಲಿ ಈ ರೈತ ಮತ್ತೆ ಮತ್ತೆ ಬರುತ್ತಾನೆ. ಆದರೆ ಅದೇ ಅಧ್ಯಾಯದ ಮೊದಲ ಸಾಲುಗಳು ಅಷ್ಟಾಗಿ ಕೇಳಿಬರುವುದಿಲ್ಲ. ಅಲ್ಲಿ ಯಾಕೋಬ ಹೊಲದ ಧಣಿಗಳ ಮೇಲೆ ಹರಿಹಾಯುತ್ತಾನೆ: ಕೊಯ್ಲು ಮಾಡಿದ ಆಳುಗಳ ಕೂಲಿ ಹಿಡಿದಿಟ್ಟಿದ್ದೀರಿ, ಆ ಕೂಲಿಯೇ ಕೂಗುತ್ತಿದೆ, ಕೊಯ್ದವರ ಮೊರೆ ದೇವರ ಕಿವಿಗೆ ಮುಟ್ಟಿದೆ ಎಂದು. ತಾಳ್ಮೆಯ ಮಾತು ಬರುವುದು ಅದಾದ ಮೇಲೆ. ಕೂಲಿ ಸಿಗದವನಿಗೆ ‘ತಾಳಿಕೋ’ ಎನ್ನುವ ಮೊದಲು ಕೂಲಿ ಕೊಡದವನಿಗೆ ‘ಕೊಡು’ ಎಂದಿದ್ದಾನೆ ಯಾಕೋಬ. ಕ್ರಮ ತಪ್ಪಿಸಿ ಎರಡನೆಯದನ್ನು ಮಾತ್ರ ಬೋಧಿಸಿದರೆ ನಿರೀಕ್ಷೆ ಧಣಿಗಳ ಕೈಯ ಆಯುಧವಾಗುತ್ತದೆ.

ಹಳೆಯ ಒಡಂಬಡಿಕೆಯಲ್ಲಿ ನಿರೀಕ್ಷೆಯ ಅತ್ಯಂತ ಗಟ್ಟಿ ಚಿತ್ರ ನನ್ನ ಪ್ರಕಾರ ಒಂದು ಹೊಲದ ಖರೀದಿ. ಯೆರೆಮೀಯನ ಗ್ರಂಥದ 32ನೆಯ ಅಧ್ಯಾಯ. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಪಟ್ಟಣ ಬೀಳುತ್ತದೆ ಎಂದು ಸಾರಿದ ತಪ್ಪಿಗೆ ಪ್ರವಾದಿ ಅರಮನೆಯ ಕಾವಲಂಗಳದಲ್ಲಿ ಸೆರೆಯಾಗಿದ್ದಾನೆ. ಅಂಥ ಹೊತ್ತಿನಲ್ಲಿ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನ ನನ್ನ ಹೊಲ ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಶತ್ರುವಿನ ಕಾಲಡಿ ಬಿದ್ದಿರುವ ಹೊಲಕ್ಕೆ ಯಾರು ದುಡ್ಡು ಕೊಡುತ್ತಾರೆ? ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಪತ್ರ ಬರೆಸುತ್ತಾನೆ, ಮುದ್ರೆ ಹಾಕಿಸುತ್ತಾನೆ, ಸಾಕ್ಷಿಗಳ ಸಹಿ ಪಡೆಯುತ್ತಾನೆ. ಮುಚ್ಚಿದ ಪತ್ರ ಒಂದು, ತೆರೆದ ಪತ್ರ ಒಂದು. ಎರಡನ್ನೂ ತನ್ನ ಲಿಪಿಕಾರ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಕೆಡದಂತೆ ಮಣ್ಣಿನ ಗಡಿಗೆಯಲ್ಲಿಡಿಸುತ್ತಾನೆ. ಈ ನಾಡಿನಲ್ಲಿ ಮತ್ತೆ ಹೊಲಮನೆಗಳ ವ್ಯವಹಾರ ನಡೆಯುತ್ತದೆ ಎಂಬ ದೇವರ ಮಾತಿಗೆ ಅವನು ಕೊಟ್ಟ ಮುಂಗಡ ಅದು. ಉತಾರಿ, ಫೋಡಿ, ಖಾತೆ ಬದಲಾವಣೆಗೆ ತಾಲೂಕು ಕಚೇರಿ ಅಲೆದು ಬಲ್ಲ ನಮ್ಮ ಜನಕ್ಕೆ ಈ ಅಧ್ಯಾಯದ ಒಂದೊಂದು ವಿವರವೂ ಮುಟ್ಟುತ್ತದೆ. ಯೆರೆಮೀಯ ಸುಳ್ಳು ಸಮಾಧಾನ ಹೇಳಲಿಲ್ಲ. ಪಟ್ಟಣ ಬೀಳುತ್ತದೆ ಎಂದೇ ಹೇಳಿದ, ಬಿತ್ತು ಕೂಡ. ಹೊಲವನ್ನೂ ಕೊಂಡ.

ಹೊಸ ಒಡಂಬಡಿಕೆಯಲ್ಲಿ ಈ ಮಾತಿಗೆ ತಳಹದಿ ಹಾಕಿದವನು ಪೌಲ. ರೋಮಾಪುರದವರಿಗೆ ಬರೆದ ಪತ್ರಿಕೆಯಲ್ಲಿ ಅವನು ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ನಿರೀಕ್ಷೆ ಎಂದು ಸರಪಳಿ ಹೆಣೆಯುತ್ತಾನೆ. ಕಣ್ಣಿಗೆ ಕಾಣುವುದನ್ನು ಯಾರೂ ಎದುರುನೋಡುವುದಿಲ್ಲ ಎಂಬುದು ಅವನ ತರ್ಕ. ಕೊರಿಂಥದವರಿಗೆ ಬರೆಯುವಾಗ ಎಲ್ಲವನ್ನೂ ಪುನರುತ್ಥಾನದ ಮೇಲೆ ನಿಲ್ಲಿಸುತ್ತಾನೆ: ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ಬೋಧನೆಯೂ ನಿಮ್ಮ ನಂಬಿಕೆಯೂ ಹುಸಿ ಎನ್ನುವಷ್ಟು ನಿಷ್ಠುರವಾಗಿ. ಎದ್ದದ್ದು ಆತ್ಮ ಮಾತ್ರವಲ್ಲ, ಗಾಯದ ಗುರುತಿದ್ದ ದೇಹ. ದೇಹ ಏಳುತ್ತದೆ ಎನ್ನುವ ಧರ್ಮಕ್ಕೆ ದೇಹದ ಹಸಿವು, ಬೆವರು, ಕಾಯಿಲೆ, ಅವಮಾನ ಇವು ಸಣ್ಣ ವಿಷಯಗಳಾಗಲು ಸಾಧ್ಯವಿಲ್ಲ.

ಮಧ್ಯಯುಗದ ಥಾಮಸ್ ಅಕ್ವಿನಾಸ್ ನಿರೀಕ್ಷೆಯ ಗುರಿಯನ್ನು ಹೀಗೆ ಗುರುತಿಸಿದ: ಅದು ಒಳ್ಳೆಯದಾಗಿರಬೇಕು, ಮುಂದೆ ಬರುವಂಥದ್ದಾಗಿರಬೇಕು, ಕಷ್ಟಸಾಧ್ಯವಾಗಿರಬೇಕು, ಆದರೂ ಸಾಧ್ಯವಿರಬೇಕು. ಅದಕ್ಕೆ ಎರಡು ಶತ್ರುಗಳು. ಇನ್ನೇನೂ ಆಗದು ಎಂಬ ಹತಾಶೆ ಒಂದು, ಎಲ್ಲ ತಾನಾಗಿಯೇ ಆಗುತ್ತದೆ ಎಂಬ ಉದ್ಧಟತನ ಇನ್ನೊಂದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟು ಚೈನು ಕಡಿದು ಕೊಚ್ಚಿಹೋದಾಗ ಗಂಗಾವತಿ ಸೀಮೆ ಕಂಡದ್ದು ಇದನ್ನೇ. ತುಂಬಿದ ಜಲಾಶಯ ಕಣ್ಣೆದುರೇ ಖಾಲಿಯಾಗುತ್ತಿತ್ತು. ಬೆಳೆ ಹೋಯಿತೆಂದೇ ಹಲವರು ಕೈಚೆಲ್ಲಿದ್ದರು. ಗೇಟುಗಳ ಕೆಲಸದಲ್ಲಿ ನುರಿತ ಕನ್ನಯ್ಯ ನಾಯ್ಡು ಅವರ ಮುಂದಾಳುತನದಲ್ಲಿ ಕೆಲಸಗಾರರು ಹರಿಯುವ ನೀರಿಗೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದಲ್ಲಿ ಹರಿವನ್ನು ತಡೆದರು. ಕಷ್ಟ ಆದರೆ ಸಾಧ್ಯ ಎಂಬ ಅಕ್ವಿನಾಸನ ಮಾತನ್ನು ಇದಕ್ಕಿಂತ ಚೆನ್ನಾಗಿ ವಿವರಿಸುವ ಉದಾಹರಣೆ ನನಗೆ ಸಿಕ್ಕಿಲ್ಲ. ಪ್ರಾರ್ಥಿಸಿದವರೂ ಇದ್ದರು, ನೀರಿಗೆ ಇಳಿದವರೂ ಇದ್ದರು. ಒಂದನ್ನು ಇನ್ನೊಂದರ ಬದಲಿಗೆ ಇಡಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಮಾರ್ಕ್ಸ್ ಧರ್ಮವನ್ನು ಜನರ ಅಫೀಮು ಎಂದ. ಪರಲೋಕದ ಆಸೆ ತೋರಿಸಿ ಇಹದ ನೋವನ್ನು ಮರೆಸುತ್ತೀರಿ ಎಂಬ ಆ ಆಪಾದನೆಯನ್ನು ಕ್ರೈಸ್ತರು ಗಂಭೀರವಾಗಿ ತೆಗೆದುಕೊಳ್ಳಲೇಬೇಕಿತ್ತು. ಹಾಗೆ ತೆಗೆದುಕೊಂಡವರಲ್ಲಿ ಯುರ್ಗೆನ್ ಮೋಲ್ಟ್‌ಮನ್ ಮುಖ್ಯರು. ಹದಿಹರೆಯದಲ್ಲಿ ಹ್ಯಾಂಬರ್ಗಿನ ಬಾಂಬ್ ದಾಳಿಯಲ್ಲಿ ಪಕ್ಕದಲ್ಲಿದ್ದ ಗೆಳೆಯ ಸತ್ತು ತಾನು ಉಳಿದವರು, ಯುದ್ಧಕೈದಿಯಾಗಿ ಶಿಬಿರದಲ್ಲಿದ್ದಾಗ ಬೈಬಲ್ ಓದತೊಡಗಿದವರು. 1964ರಲ್ಲಿ ಬಂದ ಅವರ ‘ನಿರೀಕ್ಷೆಯ ದೈವಶಾಸ್ತ್ರ’ ಹೇಳಿದ್ದು ಇಷ್ಟು: ಪುನರುತ್ಥಾನವನ್ನು ನಂಬಿದವನು ಇರುವ ಲೋಕದೊಂದಿಗೆ ರಾಜಿಯಾಗಲಾರ, ದೇವರ ವಾಗ್ದಾನ ಅವನನ್ನು ಸುಮ್ಮನಿರಗೊಡುವುದಿಲ್ಲ. ಅವರು ಬಹುಕಾಲ ಪಾಠ ಹೇಳಿ 2024ರಲ್ಲಿ ತೀರಿಕೊಂಡ ಟ್ಯೂಬಿಂಗನ್, ನಮ್ಮ ನಿಘಂಟಿನ ಕಿಟ್ಟೆಲ್ ತಮ್ಮ ಕೊನೆಯ ದಿನಗಳನ್ನು ಕಳೆದ ಊರೂ ಹೌದು. ನಮ್ಮಲ್ಲಿ 1980ರ ದಶಕದ ಆರಂಭದಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಅರವಿಂದ ನಿರ್ಮಲ್ ದಲಿತ ದೈವಶಾಸ್ತ್ರಕ್ಕೆ ದಾರಿ ತೆರೆದರು. ದಲಿತರ ನೋವಿನಿಂದಲೇ ದೇವರ ಮಾತನ್ನು ಓದಬೇಕು ಎಂದರು ಅವರು. ಪೋಪ್ ಬೆನೆಡಿಕ್ಟ್ 2007ರಲ್ಲಿ ನಿರೀಕ್ಷೆಯ ಮೇಲೆ ಒಂದು ವಿಶ್ವಪತ್ರವನ್ನೇ ಬರೆದರು. ಪೋಪ್ ಫ್ರಾನ್ಸಿಸ್ 2025ನ್ನು ಜ್ಯೂಬಿಲಿ ವರ್ಷವೆಂದು ಸಾರಿ, ಭರವಸೆಯ ಯಾತ್ರಿಕರು ಎಂಬುದನ್ನೇ ಅದರ ಧ್ಯೇಯವಾಕ್ಯ ಮಾಡಿದರು. ಆ ವರ್ಷದ ನಡುವೆಯೇ, ಈಸ್ಟರ್ ಮರುದಿನ ತೀರಿಕೊಂಡರು.

ಇಷ್ಟು ದೊಡ್ಡ ಪರಂಪರೆ ಬೆನ್ನಿಗಿದ್ದರೂ ನಮ್ಮ ಊರುಗಳ ಸಭೆಗಳಲ್ಲಿ ನಿರೀಕ್ಷೆ ಎರಡು ಕಡೆ ಸವೆದಿದೆ. ಒಂದು ಕಡೆ ಉಪವಾಸ ಪ್ರಾರ್ಥನೆಯ ಸಾಕ್ಷಿಗಳು. ಗಡ್ಡೆ ಕರಗಿತು, ಸಾಲ ತೀರಿತು, ಬೋರಿಗೆ ನೀರು ಬಿತ್ತು. ದೇವರು ಒಳ್ಳೆಯದು ಮಾಡಿದ್ದನ್ನು ಎದ್ದು ನಿಂತು ಹೇಳುವುದು ಸರಿಯಾದದ್ದೇ. ಎಲ್ಲೂ ಮಾತಾಡಲು ಅವಕಾಶ ಸಿಗದ ಹೆಣ್ಣುಮಕ್ಕಳಿಗೆ ಆ ಸಾಕ್ಷಿಯ ಹೊತ್ತು ದೊಡ್ಡ ವೇದಿಕೆ. ಆದರೆ ಗಡ್ಡೆ ಕರಗದವಳು ಅದೇ ಚಾಪೆಯ ಮೇಲೆ ಕೂತಿರುತ್ತಾಳೆ. ಅವಳಿಗೆ ‘ನಿನ್ನ ನಂಬಿಕೆ ಸಾಲದು’ ಎಂದರೆ ಕಾಯಿಲೆಯ ಮೇಲೆ ಅಪರಾಧದ ಹೊರೆಯನ್ನೂ ಹೊರಿಸಿದಂತೆ. ಇದು ಕ್ರೂರ. ಔಷಧ ಬಿಡಿಸುವ ಬೋಧಕರಿದ್ದರಂತೂ ಅದು ಪಾಪ. ಇನ್ನೊಂದು ಕಡೆ ಎರಡನೆಯ ಬರೋಣದ ಲೆಕ್ಕಾಚಾರ. ಯುದ್ಧ, ಭೂಕಂಪಗಳನ್ನು ಪಟ್ಟಿಮಾಡಿ ದಿನ ಹತ್ತಿರವಾಯಿತು ಎನ್ನುವ ಮಾತು. ಆ ದಿನ ಯಾರಿಗೂ ಗೊತ್ತಿಲ್ಲ ಎಂದು ಯೇಸುವೇ ಹೇಳಿರುವಾಗ ಈ ಲೆಕ್ಕ ಏಕೆ? ನಾಳೆಯೇ ಲೋಕ ಮುಗಿಯುವುದಾದರೆ ಮಗಳನ್ನು ಕಾಲೇಜಿಗೆ ಕಳಿಸುವುದು ಯಾತಕ್ಕೆ ಎಂದು ಒಬ್ಬ ತಂದೆಗೆ ಅನ್ನಿಸಿದರೆ ಆ ಪ್ರಸಂಗ ಕೆಟ್ಟ ಫಲ ಕೊಟ್ಟಿದೆ.

ಸಾವಿನ ಮನೆಯ ಮಾತನ್ನೂ ಆಡಬೇಕು. ಉತ್ತರ ಕರ್ನಾಟಕದಲ್ಲಿ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವನ ಗುಣ, ಉಟ್ಟ ಧೋತರ, ಉಂಡ ಬುತ್ತಿ, ಸಂತೆಯಿಂದ ತಂದ ಚುರಮರಿ, ಎಲ್ಲವೂ ಆ ಅಳುವಿನಲ್ಲಿ ಬರುತ್ತದೆ. ‘ನಾವು ನಿರೀಕ್ಷೆ ಇರೋ ಮಂದಿ, ಹಂಗ ಅಳಬಾರ್ದವ್ವಾ’ ಎಂದು ಅವರನ್ನು ಸುಮ್ಮನಾಗಿಸುವ ಸಭಾಪಾಲಕರಿದ್ದಾರೆ. ಪೌಲ ಥೆಸಲೋನಿಕದವರಿಗೆ ಹೇಳಿದ್ದು ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿ ಎಂದು, ದುಃಖಿಸಲೇಬೇಡಿ ಎಂದಲ್ಲ. ಕೆಲವೇ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸಲಿದ್ದ ಯೇಸು ಅವನ ಸಮಾಧಿಯ ಬಳಿ ಅತ್ತನು. ಪ್ರಲಾಪಗಳು ಎಂಬ ಒಂದು ಇಡೀ ಗ್ರಂಥ ಬೈಬಲಿನಲ್ಲಿದೆ. ಅದರ ನಟ್ಟನಡುವಿನ ಅಧ್ಯಾಯದಲ್ಲಿ, ಗೋಳಿನ ಮಧ್ಯದಲ್ಲೇ, ದೇವರ ಕರುಣೆಯ ನೆನಪು ಏಳುತ್ತದೆ. ಅಳು ಬತ್ತಿಸಿ ತಂದ ನಿರೀಕ್ಷೆ ಒಣ ಉಪದೇಶ. ಅತ್ತವರೇ ಈಸ್ಟರ್ ನಸುಕಿನಲ್ಲಿ ಮೇಣದ ಬತ್ತಿ ಹಿಡಿದು ಅದೇ ಸ್ಮಶಾನಕ್ಕೆ ಹೋಗಿ ಆರಾಧನೆ ಮಾಡುತ್ತಾರೆ. ಹಲವು ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಈ ರೂಢಿ ಉಳಿದಿದೆ. ಎರಡನ್ನೂ ಮಾಡಬಲ್ಲ ಹೆಂಗಸಿನ ಬಳಿ ದೈವಶಾಸ್ತ್ರಜ್ಞರು ಕಲಿಯುವುದಿದೆ.

ನ್ಯಾಯದ ಪ್ರಶ್ನೆಯನ್ನು ಬಿಟ್ಟು ನಿರೀಕ್ಷೆಯ ಸಮೀಕ್ಷೆ ಮುಗಿಯುವುದಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿತು. ಕ್ರೈಸ್ತ ದಲಿತರು ಇನ್ನೂ ಹೊರಗೇ ಇದ್ದಾರೆ. ಈ ಪ್ರಶ್ನೆ ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಅದೇ ವರ್ಷ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು. 2023ರ ಜೂನಿನಲ್ಲಿ ಅದನ್ನು ಹಿಂಪಡೆಯಲು ಸಂಪುಟ ತೀರ್ಮಾನಿಸಿತು. ಪ್ರಾರ್ಥನೆಗೆ ಸೇರುವ ಬಡವನಿಗೆ ಇವು ದಿನನಿತ್ಯದ ಅಳುಕು. ಕ್ರೈಸ್ತರದ್ದೇ ಅಲ್ಲದ ಒಂದು ಕಾಯುವಿಕೆಯೂ ಇಲ್ಲಿದೆ, ಅದನ್ನು ನಾವು ನಮ್ಮದೆಂದೇ ತಿಳಿಯಬೇಕು. 2014ರ ಆಗಸ್ಟಿನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಕ್ಷೌರದಂಗಡಿ, ಹೋಟೆಲುಗಳಲ್ಲಿ ಎಲ್ಲರಂತೆ ಪ್ರವೇಶ ಕೇಳಿದ್ದು ಆ ದ್ವೇಷದ ಬೇರು. ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿದ್ದು 2024ರ ಅಕ್ಟೋಬರಿನಲ್ಲಿ. ಮುಂದಿನ ತಿಂಗಳೇ ಬಹುತೇಕರಿಗೆ ಹೈಕೋರ್ಟಿನಲ್ಲಿ ಜಾಮೀನು ಸಿಕ್ಕಿತು. ಹತ್ತು ವರ್ಷ ಸಾಕ್ಷಿ ಹೇಳುತ್ತ, ಬೆದರಿಕೆಗೆ ಬಗ್ಗದೆ ನಿಂತವರು ನಿರೀಕ್ಷೆ ಎಂದರೇನೆಂದು ಜಿಲ್ಲೆಗೇ ತೋರಿಸಿದ್ದಾರೆ. ಆ ಹತ್ತು ವರ್ಷ ನಮ್ಮ ಸಭೆಗಳು ಎಲ್ಲಿದ್ದವು ಎಂದು ಕೇಳಿಕೊಳ್ಳುವುದು ನೋವಿನ ಕೆಲಸ, ಆದರೆ ಬೇಕಾದ ಕೆಲಸ.

ಕೊನೆಯದಾಗಿ ಗುಳೆ. ಹಿಂಗಾರು ಕೈಕೊಟ್ಟ ವರ್ಷ ಕುಷ್ಟಗಿ, ಯಲಬುರ್ಗಾದ ಊರುಗಳು, ತಾಂಡಾಗಳು ಅರ್ಧ ಖಾಲಿ. ಮಂಗಳೂರು, ಉಡುಪಿ, ಬೆಂಗಳೂರು, ಗೋವಾ ಬಸ್ಸುಗಳಿಗೆ ಹಾಸಿಗೆ ಗಂಟು, ಪಾತ್ರೆ ಚೀಲ ಏರುತ್ತವೆ. ಮುದುಕರು, ಶಾಲೆ ಬಿಡಿಸಲಾಗದ ಮಕ್ಕಳು ಊರಲ್ಲಿ ಉಳಿಯುತ್ತಾರೆ. ಸೆರೆಯಾಗಿ ಬಾಬೆಲಿಗೆ ಹೋದವರಿಗೆ ಯೆರೆಮೀಯ ಬರೆದ ಕಾಗದವನ್ನು ಈ ಬಸ್ಸುಗಳಲ್ಲಿ ಓದಬೇಕು. ಬೇಗನೆ ಬಿಡುಗಡೆಯಾಗುತ್ತದೆ ಎಂಬ ಸುಳ್ಳು ಪ್ರವಾದಿಗಳನ್ನು ನಂಬಬೇಡಿ ಎಂದ ಅವನು. ಎಪ್ಪತ್ತು ವರ್ಷ ಹಿಡಿಯುತ್ತದೆ, ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎಂದ. ಕ್ಯಾಲೆಂಡರುಗಳ ಮೇಲೆ ಅಚ್ಚಾಗುವ, ಒಳ್ಳೆಯ ಭವಿಷ್ಯದ ವಾಗ್ದಾನದ ವಾಕ್ಯ ಇರುವುದು ಇದೇ ಕಾಗದದಲ್ಲಿ. ವಾಕ್ಯ ಗೋಡೆಗೆ ಬಂತು, ಎಪ್ಪತ್ತು ವರ್ಷದ ಮಾತು ಹಿಂದುಳಿಯಿತು.

ಸಭಾಪಾಲಕರಲ್ಲಿ, ಗುರುಗಳಲ್ಲಿ, ಸಭೆಯ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ. ಭಾನುವಾರದ ಬಿನ್ನಹದ ಪ್ರಾರ್ಥನೆಯಲ್ಲಿ ಗುಳೆ ಹೋದವರ ಹೆಸರು ಒಂದೊಂದಾಗಿ ಓದಿ. ಅವರು ಹೋದ ಊರಿನ ಸಭೆಗೆ ಒಂದು ಫೋನ್ ಮಾಡಿ, ಇಂಥವರು ಬರುತ್ತಾರೆ, ನೋಡಿಕೊಳ್ಳಿ ಎನ್ನಿ. ಉಳಿದ ಮಕ್ಕಳ ಊಟ, ಓದು ಸಭೆಯ ಜವಾಬ್ದಾರಿ ಎಂದು ಬರೆದು ಹಾಕಿ. ಕೂಲಿ ಸಿಗದೆ ತಿರುಗಿ ಬಂದವನ ಜೊತೆ ಕಾರ್ಮಿಕ ಇಲಾಖೆಯ ಕಚೇರಿಗೆ ಒಬ್ಬರಾದರೂ ಹೋಗಿ. ಈ ಹಿಂಗಾರು ಮುಗಿಯುವುದರೊಳಗೆ ಶುರುಮಾಡಿ.